ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಯಾರು?

ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ನಮ್ಮ ಮನೆಗಳಲ್ಲಿ ಎಷ್ಟು ಆತಂಕವಿರುತ್ತದೆ ಎಂಬುದನ್ನು ನೀವು ಬಲ್ಲಿರಿ. ಆದರೆ ಆ ಪ್ರಶ್ನೆಗಳನ್ನು ಸಿದ್ಧಪಡಿಸಿದವರು ಯಾರು, ಯಾವ ಬಗೆಯ ಅರಿವಿಗೆ ಅಂಕಗಳು ಸಲ್ಲುತ್ತವೆ ಎಂದು ನಾವು ವಿಚಾರಿಸುವುದು ಅಪರೂಪ. ಪಶ್ಚಿಮ ಆಫ್ರಿಕದ ಉನ್ನತ ಶಿಕ್ಷಣದ ಚರಿತ್ರೆಯುದ್ದಕ್ಕೂ ಕೇಳಿಬರುವುದು ಈ ಪ್ರಶ್ನೆಯೇ.

1827ರಲ್ಲಿ ಚರ್ಚ್ ಮಿಷನರಿ ಸೊಸೈಟಿಯು ಸಿಯೆರಾ ಲಿಯೋನ್ ದೇಶದ ಫ್ರೀಟೌನಿನಲ್ಲಿ ಫೂರಾ ಬೇ ಕಾಲೇಜನ್ನು ಸ್ಥಾಪಿಸಿತು. ಉಪದೇಶಿಗಳನ್ನೂ ಶಾಲಾ ಉಪಾಧ್ಯಾಯರನ್ನೂ ತರಬೇತುಗೊಳಿಸುವುದು ಅದರ ಉದ್ದೇಶವಾಗಿತ್ತು. ಅಲ್ಲಿನ ಮೊದಲ ವಿದ್ಯಾರ್ಥಿಗಳಲ್ಲಿ ಸ್ಯಾಮುಯೆಲ್ ಅಜಾಯಿ ಕ್ರೌತರ್ ಒಬ್ಬರು. ಬಾಲ್ಯದಲ್ಲಿ ಗುಲಾಮಗಿರಿಗೆ ಮಾರಲ್ಪಟ್ಟು, 1822ರಲ್ಲಿ ಗುಲಾಮರ ಹಡಗಿನಿಂದ ಬಿಡುಗಡೆ ಹೊಂದಿದ ಅವರು, 1864ರಲ್ಲಿ ಬಿಷಪರಾಗಿ ಅಭಿಷಿಕ್ತರಾದರು. ಯೊರುಬಾ ಭಾಷೆಯ ಬೈಬಲ್ ಅನುವಾದಕ್ಕೆ ಮುಂದಾಳಾದರು.

1876ರಲ್ಲಿ ಈ ಕಾಲೇಜು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾನಿಲಯದೊಡನೆ ಸಂಯೋಜನೆಗೊಂಡಿತು. ಸಮುದ್ರ ದಾಟದೆಯೇ ಆಫ್ರಿಕದ ತರುಣರು ಡರ್ಹಾಮಿನ ಪದವಿ ಪಡೆಯುವಂತಾಯಿತು. ಇದು ಸಣ್ಣ ಉಪಕಾರವಲ್ಲ. ಆದರೂ ಪರೀಕ್ಷೆ ಮತ್ತು ಪದವಿಯ ಅಧಿಕಾರ ಡರ್ಹಾಮಿನದಾಗಿಯೇ ಉಳಿಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ನೇಮಿಸಿದ ಆಸ್ಕ್ವಿತ್ ಆಯೋಗವು 1945ರಲ್ಲಿ ವರದಿ ಸಲ್ಲಿಸಿತು. ಅದರ ಫಲವಾಗಿ 1948ರಲ್ಲಿ ನೈಜೀರಿಯದ ಇಬಾದಾನಿನಲ್ಲಿಯೂ ಇಂದಿನ ಘಾನಾ ದೇಶದಲ್ಲಿಯೂ ವಿಶ್ವವಿದ್ಯಾನಿಲಯ ಕಾಲೇಜುಗಳು ಆರಂಭವಾದವು. ಅವು ಲಂಡನ್ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿದ್ದವು. ಸ್ಥಳೀಯ ಅಧ್ಯಾಪಕರು ಪಠ್ಯದಲ್ಲಿ ಬದಲಾವಣೆ ಸೂಚಿಸಬಹುದಿತ್ತು. ಒಪ್ಪಿಗೆ ನೀಡುವುದು ಲಂಡನ್ನಿಗೆ ಸೇರಿತ್ತು.

ಇಲ್ಲಿ ಕೆನೆತ್ ಡೀಕೆ ಎಂಬ ಚರಿತ್ರಕಾರರನ್ನು ನಿಮಗೆ ಪರಿಚಯಿಸಬೇಕು. ಫೂರಾ ಬೇಯಲ್ಲಿ ಕಲಿತು ಡರ್ಹಾಮಿನ ಪದವಿ ಪಡೆದು, ಬಳಿಕ ಲಂಡನ್ನಿನಲ್ಲಿ ಡಾಕ್ಟರೇಟ್ ಗಳಿಸಿದ ನೈಜೀರಿಯನ್ನರು ಇವರು. ಯುರೋಪಿಯನ್ನರ ಕಡತಗಳಲ್ಲಿ ಇರುವುದಷ್ಟೇ ಆಫ್ರಿಕದ ಚರಿತ್ರೆ ಎಂದು ನಂಬಿದ್ದ ಕಾಲವದು. ನೈಜರ್ ನದೀಮುಖದ ವ್ಯಾಪಾರವನ್ನು ಕುರಿತು 1956ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಡೀಕೆಯವರು ಅಲ್ಲಿನ ಜನರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ನೆನಪುಗಳನ್ನೂ ಆಧಾರವಾಗಿ ಬಳಸಿದರು. ನೈಜೀರಿಯದ ರಾಷ್ಟ್ರೀಯ ಪತ್ರಾಗಾರಕ್ಕೆ ಅಡಿಪಾಯ ಹಾಕಿದವರೂ ಅವರೇ. 1960ರಲ್ಲಿ ಇಬಾದಾನ್ ಕಾಲೇಜಿನ ಮೊದಲ ನೈಜೀರಿಯನ್ ಮುಖ್ಯಸ್ಥರಾದರು. 1962ರಲ್ಲಿ ಆ ಕಾಲೇಜು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಅಜ್ಜಿಯರ ಬಾಯಲ್ಲಿದ್ದ ನೆನಪಿಗೂ ವಿದ್ಯಾಪೀಠದಲ್ಲಿ ಸ್ಥಾನ ದೊರೆಯಿತು.

ಸಹಭಾಗಿತ್ವ ಅಲ್ಲಿಗೆ ಮುಗಿಯಲಿಲ್ಲ. 2000ದಲ್ಲಿ ಕಾರ್ನೆಗಿ, ಫೋರ್ಡ್, ಮ್ಯಾಕಾರ್ಥರ್, ರಾಕ್‌ಫೆಲರ್ ಎಂಬ 4 ಅಮೆರಿಕನ್ ಸಂಸ್ಥೆಗಳು ಒಂದುಗೂಡಿ ಆಫ್ರಿಕದ ಉನ್ನತ ಶಿಕ್ಷಣಕ್ಕೆ ನೆರವು ನೀಡತೊಡಗಿದವು. ಮುಂದೆ ಇನ್ನೂ 3 ಸಂಸ್ಥೆಗಳು ಜೊತೆಗೂಡಿದವು. 2010ರ ವೇಳೆಗೆ 9 ದೇಶಗಳಲ್ಲಿ ಸುಮಾರು 44 ಕೋಟಿ ಡಾಲರ್ ವಿನಿಯೋಗವಾಯಿತು. ಬಿಡಿಬಿಡಿಯಾಗಿ ದುಬಾರಿ ಬೆಲೆ ತೆರುತ್ತಿದ್ದ ವಿಶ್ವವಿದ್ಯಾನಿಲಯಗಳು ಒಟ್ಟಾಗಿ ಅಂತರ್ಜಾಲ ಸಂಪರ್ಕವನ್ನು ಖರೀದಿಸಲೂ ಈ ನೆರವು ಒದಗಿತು.

ಓದುಗರೇ, ಹಣ ಕೊಡುವುದು ಕಷ್ಟ. ಅಧಿಕಾರ ಬಿಟ್ಟುಕೊಡುವುದು ಅದಕ್ಕಿಂತ ಕಷ್ಟ. ಫೂರಾ ಬೇಯಿಂದ ಇಬಾದಾನಿನವರೆಗಿನ ಈ ದಾರಿಯನ್ನು ಕ್ರಮಿಸಲು 135 ವರ್ಷಗಳು ಹಿಡಿದವು. ನಾವು ಯಾರಿಗಾದರೂ ಕಲಿಸಲು, ನೆರವಾಗಲು ಹೊರಟಾಗ ಈ ಚರಿತ್ರೆಯನ್ನು ನೆನೆಯೋಣ: ಅವರು ತಮ್ಮ ಪ್ರಶ್ನೆಗಳನ್ನು ತಾವೇ ಕೇಳುವ ದಿನಕ್ಕಾಗಿ ನಾವು ಕಾಯುತ್ತಿದ್ದೇವೆಯೇ, ಅಥವಾ ಆ ದಿನಕ್ಕೆ ಅಂಜುತ್ತಿದ್ದೇವೆಯೇ?