ಟ್ಯಾಂಕು ಹೊತ್ತ ಬಂಡಿಗಳು

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಜೊತೆ ಸರಿಯಿಲ್ಲದಿದ್ದರೆ ಬಲವೆಲ್ಲ ವ್ಯರ್ಥ. ಎರಡನೆಯ ಮಹಾಯುದ್ಧದ ಸೇನಾಲಾರಿಗಳ ಚರಿತ್ರೆ ಕಲಿಸುವ ಪಾಠವೂ ಇದೇ.

ಟ್ಯಾಂಕು ಬಹುದೂರ ತಾನೇ ನಡೆದರೆ ಅದರ ಉಕ್ಕಿನ ಪಟ್ಟಿಗಳು ಸವೆದು, ರಣರಂಗಕ್ಕೆ ಮೊದಲೇ ಅದು ನಿಂತುಹೋಗುವುದುಂಟು. ಆದುದರಿಂದ ಅದನ್ನು ಸಾಗಿಸಲು ಬ್ರಿಟಿಷರ ಕೋರಿಕೆಯಂತೆ ಅಮೆರಿಕದಲ್ಲಿ ಡೈಮಂಡ್ ಟಿ 980 ಎಂಬ ಲಾರಿ 1941ರಿಂದ ತಯಾರಾಯಿತು. ಅಮೆರಿಕದ ಸೇನೆಯು ಇದಕ್ಕೆ ಜೊತೆಗೂಡಿಸಿದ್ದು 24 ಚಕ್ರಗಳ, 45 ಟನ್ನು ಹೊರುವ ಎಂ 9 ಟ್ರೇಲರು. ಟ್ಯಾಂಕಿನ ಭಾರವನ್ನೆಲ್ಲ ಟ್ರೇಲರೇ ಹೊರುವುದು. ಲಾರಿಯದು ಎಳೆಯುವ ಕೆಲಸ ಮಾತ್ರ. ಆದಕಾರಣ ಹಿಂಗಾಲಿಗಳು ಜಾರದೆ ನೆಲವನ್ನು ಹಿಡಿಯುವಂತೆ ಲಾರಿಯ ಮೇಲೆ ಬೇರೆ ತೂಕವನ್ನು ಹೇರಬೇಕಾಯಿತು.

1943ರಿಂದ ತಯಾರಾದ ಎಂ 26 ಲಾರಿಯ ಕ್ರಮವೇ ಬೇರೆ. ಅದರ ಜೊತೆಯಾದ ಎಂ 15 ಟ್ರೇಲರಿನ ಮುಂಭಾಗವು ಲಾರಿಯ ಬೆನ್ನಮೇಲೆ ಕೂರುವುದರಿಂದ, ಟ್ಯಾಂಕಿನ ತೂಕದಲ್ಲಿಯೇ ಒಂದು ಪಾಲು ಹಿಂಗಾಲಿಗಳನ್ನು ಅದುಮುವುದು. ಹೊರೆಯೇ ಹಿಡಿತವಾಯಿತು!

ಇಂದು ಈ ಲಾರಿಗಳನ್ನು ಸಂರಕ್ಷಿಸುವವರು ಸಿಕ್ಕಿದ ಟ್ರೇಲರನ್ನು ತಗುಲಿಸಿದರೆ ನೋಟಕ್ಕೇನೋ ಬಂಡಿ ಉಳಿದೀತು. ಅದನ್ನು ರೂಪಿಸಿದವರ ಯುಕ್ತಿ ಮಾತ್ರ ಅಳಿದುಹೋಗುವುದು. ಹಳೆಯ ವಸ್ತುವಿನೊಡನೆ ಅದರ ಸಂಬಂಧವನ್ನೂ ಕಾಪಾಡಿದರೆ ತಾನೆ ನಾವು ಚರಿತ್ರೆಯನ್ನು ಕಾಪಾಡಿದಂತೆ?