ಅರಬ್ಬಿ ಕುದುರೆಯೋ, ನಾಡ ತಟ್ಟುವೋ?

ದುಡಿದು ನಾಲ್ಕು ಕಾಸು ಕೂಡಿಟ್ಟ ನಮ್ಮ ಯುವಕರಲ್ಲಿ ಈಚೆಗೆ ಒಂದು ಆಸೆ ಬೆಳೆದಿದೆ. ಹೊರದೇಶದಲ್ಲಿ ಯಾರೋ ಓಡಿಸಿ ಬಿಟ್ಟ ವೇಗದ ಸ್ಪೋರ್ಟ್ಸ್ ಕಾರೊಂದನ್ನು ತರಿಸುವುದೋ, ಇಲ್ಲಿಯ ಷೋರೂಮಿನಲ್ಲೇ ಸಿಗುವ ಕಾರಿಗೆ ತೃಪ್ತಿಪಡುವುದೋ ಎಂಬ ಲೆಕ್ಕಾಚಾರ ನಡೆಯುತ್ತಿರುತ್ತದೆ. ಇದು ಹೊಸ ಕಾಲದ ಹೊಸ ಚಿಂತೆ ಎಂದು ನಾವು ತಿಳಿಯುತ್ತೇವೆ. ಆದರೆ ಇದೇ ಪ್ರಶ್ನೆ ಐದುನೂರು ವರ್ಷಗಳ ಹಿಂದೆ ನಮ್ಮ ನಾಡಿನ ಖಜಾನೆಯನ್ನೇ ಅಲುಗಾಡಿಸಿತ್ತು. ಆಗ ಕಾರಿನ ಜಾಗದಲ್ಲಿ ಕುದುರೆ ಇತ್ತು.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯನ್ನು ನೋಡಿದವರಿಗೆ ಅಲ್ಲಿಯ ಕಲ್ಲೇಶ್ವರ ದೇವಾಲಯ ಗೊತ್ತು. ಹತ್ತನೆಯ ಶತಮಾನದ ಕೊನೆಗಾಗಲೇ ಹೆಸರು ಮಾಡಿದ್ದ ಊರು ಅದು. ಸುತ್ತ ಮಳೆ ಕಡಿಮೆಯ ಜೋಳದ ಹೊಲಗಳು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹರಪನಹಳ್ಳಿಯೂ ಅದರೊಳಗೆ ಸೇರಿತು. ಈ ಸೀಮೆಯ ನೆಲ ಎತ್ತು, ಎಮ್ಮೆ, ಕುರಿಗಳನ್ನು ಸಾಕಬಲ್ಲದು. ಆದರೆ ಯುದ್ಧಕ್ಕೆ ಬೇಕಾದ ಎತ್ತರದ, ದಮ್ಮಿರುವ ಕುದುರೆಗೆ ಬೇಕಾದ ಹವೆಯೂ ಹುಲ್ಲುಗಾವಲೂ ಇಲ್ಲಿರಲಿಲ್ಲ. ಇಲ್ಲಿ ಹುಟ್ಟುತ್ತಿದ್ದುದು ಗಿಡ್ಡ ತಟ್ಟು. ಹೇರು ಹೊರಲು, ಸಂತೆಗೆ ಹೋಗಲು ಅದು ಸಾಕು. ಆದರೆ ಅದನ್ನೇರಿ ರಣರಂಗಕ್ಕೆ ಹೋಗಲು ನಾಯಕರಿಗೆ ಮನಸ್ಸಿರಲಿಲ್ಲ. ಹೀಗಾಗಿ ದಕ್ಷಿಣದ ರಾಜರೆಲ್ಲರ ಕಣ್ಣು ಹೋರ್ಮುಜ್ ಮತ್ತು ಏಡನ್ ಬಂದರುಗಳ ಮೇಲಿತ್ತು.

ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಒಂದು ವಿಚಿತ್ರವನ್ನು ಬರೆದಿಟ್ಟಿದ್ದಾನೆ. ಅಲ್ಲಿಯ ರಾಜರು ವರ್ಷ ವರ್ಷವೂ ಸಾವಿರಾರು ಕುದುರೆ ಕೊಳ್ಳುತ್ತಾರೆ, ವರ್ಷದ ಕೊನೆಗೆ ಅವುಗಳಲ್ಲಿ ಉಳಿಯುವುದು ಬೆರಳೆಣಿಕೆಯಷ್ಟು. ಅವುಗಳಿಗೆ ಏನು ತಿನ್ನಿಸಬೇಕು, ಹೇಗೆ ಸಾಕಬೇಕು ಎಂಬುದೇ ಇಲ್ಲಿಯವರಿಗೆ ತಿಳಿಯದು. ಅನ್ನ ಮಾಂಸ ಬೇಯಿಸಿ ಹಾಕುತ್ತಾರೆ. ಲಾಳ ಕಟ್ಟಿ ಮದ್ದು ಕೊಡಬಲ್ಲವರು ಈ ಕಡೆ ಬರದಂತೆ ಕುದುರೆ ವ್ಯಾಪಾರಿಗಳೇ ನೋಡಿಕೊಳ್ಳುತ್ತಾರಂತೆ. ಕುದುರೆ ಬದುಕಿದರೆ ಮುಂದಿನ ವರ್ಷ ವ್ಯಾಪಾರವೆಲ್ಲಿ? ಸರಕು ಮಾರಿ ಅದರ ವಿದ್ಯೆಯನ್ನು ಮಾತ್ರ ಕೊಡದೆ ಉಳಿಸಿಕೊಳ್ಳುವ ಜಾಣತನ ಅಷ್ಟು ಹಳೆಯದು.

ವಿಜಯನಗರದ ಕಾಲಕ್ಕೆ ಈ ಹಂಬಲ ಇನ್ನೂ ಹೆಚ್ಚಿತು. ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯಲ್ಲಿ ಕುದುರೆಗಳನ್ನು ನಡೆಸಿಕೊಂಡು ಹೋಗುವವರ ಸಾಲುಗಳನ್ನು ಇಂದಿಗೂ ಕಾಣಬಹುದು. ಅಚ್ಯುತರಾಯನ ಕಾಲದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿರುವುದನ್ನು ನಾವು ಗಮನವಿಟ್ಟು ಓದಬೇಕು. ಸಾಳುವ ನರಸಿಂಹ ಹೋರ್ಮುಜ್ ಮತ್ತು ಏಡನ್ನಿನಿಂದ ಕುದುರೆ ತರಿಸುತ್ತಿದ್ದ. ಸಾವಿರ ವರಹಕ್ಕೆ ಮೂರು ಎಂಬ ದರ. ಜೀವಂತ ಬಂದರೂ ಅಷ್ಟೇ, ಸತ್ತರೂ ಅಷ್ಟೇ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಪೂರ್ತಿ ಬೆಲೆ ಸಿಗುತ್ತಿತ್ತು.

ಮುಂದೆ ನೂನಿಜ್ ಹೇಳುವ ಮಾತು ಇನ್ನೂ ಮುಖ್ಯವಾದದ್ದು. ರಾಜ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಾನೆ. ಹೋರ್ಮುಜಿನವೂ ಇರುತ್ತವೆ, ನಾಡಿನವೂ ಇರುತ್ತವೆ. ಉತ್ತಮವಾದವನ್ನು ತನ್ನ ಲಾಯಕ್ಕೆ ಕಟ್ಟಿಕೊಂಡು, ನಾಡ ಕುದುರೆಗಳನ್ನು ಸಾವಿರ ವರಹಕ್ಕೆ ಐದರಂತೆ ತನ್ನ ನಾಯಕರಿಗೆ ಮಾರುತ್ತಾನೆ. ನಾಯಕರು ಸೆಪ್ಟೆಂಬರಿನೊಳಗೆ ಆ ಹಣ ತೆರಬೇಕು. ಅದೇ ಹಣದಿಂದ ರಾಜ ಪೋರ್ಚುಗೀಸರ ಅರಬ್ಬಿ ಕುದುರೆಗಳ ಬೆಲೆ ತೀರಿಸುತ್ತಾನೆ. ಖಜಾನೆಯಿಂದ ಬಿಡಿಗಾಸೂ ಹೋಗುವುದಿಲ್ಲ. ಹಾಗಾದರೆ ಹಣ ಎಲ್ಲಿಂದ ಬಂತು? ನಾಯಕನಿಗೆ ಕೊಟ್ಟವನು ರೈತ. ರಾಜಧಾನಿಯ ಲಾಯದಲ್ಲಿ ಕೆನೆಯುತ್ತಿದ್ದ ಅರಬ್ಬಿ ಕುದುರೆಯ ಬೆಲೆಯನ್ನು ಕೊನೆಗೆ ತೆತ್ತದ್ದು ಬಾಗಳಿಯಂಥ ಊರುಗಳ ಜೋಳದ ರಾಶಿ.

ಈ ವ್ಯಾಪಾರಕ್ಕೆ ಧರ್ಮದ ಗೋಡೆ ಇರಲಿಲ್ಲ ಎಂಬುದನ್ನೂ ನಾವು ನೆನೆಯಬೇಕು. ಮುಸ್ಲಿಂ ವರ್ತಕರು ವಿಜಯನಗರಕ್ಕೂ ಮಾರಿದರು, ಬಹಮನಿಗಳಿಗೂ ಮಾರಿದರು. ಎರಡನೆಯ ದೇವರಾಯನ ಸೈನ್ಯದಲ್ಲಿ ಮುಸ್ಲಿಂ ಸವಾರರಿದ್ದರು. ಇದ್ದ ತೊಡಕು ಬಂದರಿನದು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿದ ಮೇಲೆ ಬೀಗದ ಕೈ ಅವರದಾಯಿತು. ಗೋವಾಕ್ಕೆ ಬಂದ ಕುದುರೆಗಳು ತನಗೇ ಸಿಗಬೇಕು, ಬಿಜಾಪುರಕ್ಕೆ ಹೋಗಬಾರದು ಎಂದು ವಿಜಯನಗರ 1547ರಲ್ಲಿ ಅವರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ದಂಡಿನ ಬಲವೇ ಹೊರಗಿನವರ ಮರ್ಜಿಗೆ ಸಿಕ್ಕಿತ್ತು.

ಇದಕ್ಕೆ ಬೇರೆ ದಾರಿ ಇರಲಿಲ್ಲವೇ? ಇತ್ತು. ಭೀಮಾ ತೀರದಲ್ಲಿ ನಾಡ ತಟ್ಟುಗಳಿಗೆ ಅರಬ್ಬಿ, ತುರ್ಕಿ ತಳಿಯ ರಕ್ತ ಬೆರೆಸಿ ಬೆಳೆಸಿದ ಭೀಮಥಡಿ ಕುದುರೆಗಳು ನೋಡಲು ಗಿಡ್ಡವಾದರೂ ಒಣ ಹುಲ್ಲು ತಿಂದು, ಕಲ್ಲುಗುಡ್ಡ ಹತ್ತಿ, ದಿನಗಟ್ಟಲೆ ಓಡಬಲ್ಲವಾಗಿದ್ದವು. ಮರಾಠರ ದಂಡು ದೂರ ದೂರಕ್ಕೆ ನುಗ್ಗಿದ್ದು ಇಂಥ ಕುದುರೆಗಳ ಬೆನ್ನ ಮೇಲೆ. ಮೈಸೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಕಾಲದಿಂದ ಬಂದ ಕುಣಿಗಲ್ಲಿನ ಕುದುರೆ ಫಾರಂ ಕೂಡ ಇಂಥದೇ ತಿಳಿವಳಿಕೆಯ ಫಲ. ಹೊರಗಿನದನ್ನು ತಂದು ಕಟ್ಟಿಹಾಕುವ ಬದಲು ಅದರ ಗುಣವನ್ನು ಇಲ್ಲಿಯ ನೆಲಕ್ಕೆ ಒಗ್ಗಿಸುವುದು ಈ ದಾರಿ.

ಹೀಗೆ ಒಗ್ಗಿದ್ದು ಕುದುರೆ ಮಾತ್ರವಲ್ಲ. ಲಗಾಮು, ಜೀನು, ಸವಾರಿ, ಚಾಬೂಕು ಎಂಬ ಪಾರಸಿ, ಅರಬ್ಬಿ ಮೂಲದ ಮಾತುಗಳು ಕನ್ನಡದವೇ ಆಗಿಬಿಟ್ಟವು. ಲಾಳ ಕಟ್ಟುವ ನಾಲಬಂದರು ಊರೂರಲ್ಲಿ ನೆಲೆಸಿದರು. ಕುದುರೆಗಳ ಕಾಲ ಮುಗಿದ ಮೇಲೂ ಅವರು ಸಂತೆಗಳಲ್ಲಿ ಎತ್ತುಗಳ ಗೊರಸಿಗೆ ಲಾಳ ಹೊಡೆದು ಒಕ್ಕಲುತನದ ಜೊತೆಗೆ ಬದುಕಿದರು. ಮಾರ್ಕೊ ಪೋಲೊ ಇಲ್ಲವೆಂದು ಬರೆದ ವಿದ್ಯೆ ಈ ನೆಲದಲ್ಲಿ ಬೇರು ಬಿಟ್ಟದ್ದು ಹೀಗೆ.

ಕಾರಿನ ಕಥೆಯೂ ಬೇರೆಯಲ್ಲ. ಮೋಟಾರು ಇಲ್ಲಿಯೇ ತಯಾರಾಗಲಿ ಎಂದು 1930ರ ದಶಕದಲ್ಲಿ ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕ ಸುತ್ತಿ ಯೋಜನೆ ಸಿದ್ಧಪಡಿಸಿದರು. ಬ್ರಿಟಿಷ್ ಸರ್ಕಾರ ಅದನ್ನು ಬೆಂಬಲಿಸಲಿಲ್ಲ. 1990ರ ದಶಕದ ಕೊನೆಗೆ ಬೆಂಗಳೂರಿನ ಸ್ಯಾನ್ ಮೋಟರ್ಸ್ ‘ಸ್ಟಾರ್ಮ್’ ಎಂಬ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಅದರ ಎಂಜಿನ್ ಫ್ರಾನ್ಸಿನ ರೆನೊ ಕಂಪನಿಯದು. ಭೀಮಥಡಿಯಂತೆ ಇದೂ ಒಂದು ಬೆರಕೆಯ ಪ್ರಯತ್ನ. ಆದರೆ ಕೊಳ್ಳುವವರು ಕಡಿಮೆಯಾಗಿ ಅದು ಬೇರೂರಲಿಲ್ಲ.

ಹೊರಗಿನ ಹಳೆಯ ಕಾರಿಗಾದರೋ ನಿಯಮಗಳ ಬೇಲಿಯೇ ಇದೆ. ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಕ್ಕಿರಬೇಕು, ಮುಂಬೈ ಬಂದರಿನಲ್ಲೇ ಇಳಿಯಬೇಕು. ದುಬೈಯಲ್ಲಿ ಓಡಿದ ಕಾರಿನ ಸ್ಟಿಯರಿಂಗ್ ಎಡಕ್ಕಿರುವುದರಿಂದ ಗಲ್ಫಿನವರ ಆಸೆ ಅಲ್ಲಿಗೇ ನಿಲ್ಲುತ್ತದೆ. ಸುಂಕವಂತೂ ಕಾರಿನ ಬೆಲೆಯನ್ನೇ ಮೀರುತ್ತದೆ. 2003ರಲ್ಲಿ ಸಚಿನ್ ತೆಂಡೂಲ್ಕರರಿಗೆ ಉಡುಗೊರೆಯಾಗಿ ಬಂದ ಫೆರಾರಿಯ ಸುಂಕ ಒಂದು ಕೋಟಿ ರೂಪಾಯಿ ದಾಟಿತ್ತು. ಸರ್ಕಾರ ಅದನ್ನು ಮನ್ನಾ ಮಾಡಲು ಹೊರಟಾಗ ಗದ್ದಲವೆದ್ದು, ಕೊನೆಗೆ ಕಾರು ಕಂಪನಿಯೇ ಹಣ ಕಟ್ಟಿತು.

ವೇಗದ ಆಸೆ ತಪ್ಪೆಂದು ನಾವು ಹೇಳುತ್ತಿಲ್ಲ. ಅರಬ್ಬಿ ಕುದುರೆಯ ಚೆಲುವಿಗೆ ಮರುಳಾಗದವರು ಯಾರು? ಕೊಳ್ಳುವವನು ಬೆಲೆಯ ಜೊತೆಗೆ ಮೂರು ಪ್ರಶ್ನೆ ಕೇಳಿಕೊಳ್ಳಲಿ: ಇದರ ಬಿಡಿಭಾಗ ಯಾವ ಬಂದರಿನಿಂದ ಬರಬೇಕು? ಕೆಟ್ಟು ನಿಂತರೆ ನಮ್ಮೂರ ಗ್ಯಾರೇಜಿನ ಹುಡುಗ ಇದನ್ನು ಬಿಚ್ಚಿ ಜೋಡಿಸಬಲ್ಲನೇ? ಇದರ ಹಣವನ್ನು ನಿಜಕ್ಕೂ ತೆರುವವರು ಯಾರು, ನಾನೋ, ನನ್ನನ್ನು ನಂಬಿದ ಮನೆಯವರೋ? ವಿಜಯನಗರದ ಅರಸರು ಮೂರನೆಯ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ಅದಕ್ಕೆ ಉತ್ತರ ಕೊಟ್ಟವರು ಜೋಳದ ಹೊಲದಲ್ಲಿದ್ದರು.