ಹಾವಿನ ವಿಷಕ್ಕೆ ಬಾಲ ಕತ್ತರಿಸಿದ ಪ್ರತಿಕಾಯ

ಹಾವು ಕಡಿದವರಿಗೆ ರಕ್ತನಾಳದ ಮೂಲಕ ನೀಡುವ ಪ್ರತಿವಿಷವು ಕುದುರೆಯ ರಕ್ತದಿಂದ ಪಡೆದ ಪ್ರತಿಕಾಯಗಳ ದ್ರಾವಣ. ಕುದುರೆಗೆ ಅಲ್ಪಸ್ವಲ್ಪವಾಗಿ ವಿಷ ಚುಚ್ಚಿ, ಅದರ ದೇಹವು ಪ್ರತಿರೋಧ ಬೆಳೆಸಿಕೊಂಡ ನಂತರ ಪ್ಲಾಸ್ಮಾ ಸಂಗ್ರಹಿಸಲಾಗುತ್ತದೆ.

ಪ್ರತಿಕಾಯದ ಆಕಾರ ಇಂಗ್ಲಿಷಿನ ವೈ ಅಕ್ಷರದಂತಿದೆ. ವಿಷವನ್ನು ಹಿಡಿಯುವುದು ಮೇಲಿನ ಎರಡು ತೋಳುಗಳು. ಕೆಳಗಿನ ಬಾಲಕ್ಕೆ ಆ ಕೆಲಸವಿಲ್ಲ. ಬದಲಿಗೆ ರೋಗಿಯ ದೇಹವನ್ನು ಕೆರಳಿಸುವ ಗುಣವಿದೆ. ಆದ್ದರಿಂದ ಆಮ್ಲೀಯ ದ್ರಾವಣದಲ್ಲಿ ಪೆಪ್ಸಿನ್ ಕಿಣ್ವ ಬೆರೆಸಿ ಬಾಲವನ್ನು ಕತ್ತರಿಸಿ, ಜೋಡಿ ತೋಳುಗಳನ್ನಷ್ಟೇ ಶುದ್ಧೀಕರಿಸಲಾಗುತ್ತದೆ. ನಮ್ಮ ಜಠರದಲ್ಲಿ ಆಹಾರ ಅರಗಿಸುವುದೂ ಪೆಪ್ಸಿನ್ನೇ. ಮಾನವ ಪ್ರತಿಕಾಯಗಳನ್ನು ರಕ್ತನಾಳಕ್ಕೆ ನೀಡಲು 1960ರ ದಶಕದಲ್ಲಿ ಯುರೋಪಿನಲ್ಲಿ ಅನುಸರಿಸಿದ್ದೂ ಇದೇ ಉಪಾಯ.

ಬಾಲ ಹೋದರೂ ತೋಳುಗಳು ಕುದುರೆಯವೇ. ದದ್ದು, ಉಬ್ಬಸ, ರಕ್ತದೊತ್ತಡ ಕುಸಿತ ಉಂಟಾಗಬಹುದು. ಹೀಗಾಗಿ ವೈದ್ಯರು ಅಡ್ರಿನಲಿನ್ ಸಿದ್ಧವಿಟ್ಟುಕೊಂಡೇ ಪ್ರತಿವಿಷ ನೀಡುತ್ತಾರೆ.

ಚಿಕ್ಕಮಗಳೂರಿನ ಮಲ್ಲಂದೂರಿನಂಥ ಕಾಫಿ ಸೀಮೆಗೆ ಇನ್ನೊಂದು ತೊಡಕಿದೆ. ಭಾರತದ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಹಾಗೂ ಗರಗಸ ಮಂಡಲಗಳ ವಿಷದಿಂದ. ಪಶ್ಚಿಮ ಘಟ್ಟದ ತೋಟಗಳಲ್ಲಿ ಎದುರಾಗುವ ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಅದು ಕಡಿದಾಗ ಪ್ರತಿವಿಷದ ಅಪಾಯವಷ್ಟೇ ರೋಗಿಯ ಪಾಲಿಗೆ ಉಳಿದೀತು. ಬಾವು, ರಕ್ತಸ್ರಾವ, ಮೂತ್ರಪಿಂಡಗಳ ಮೇಲೆ ನಿಗಾ ಇಟ್ಟು ಚಿಕಿತ್ಸೆ ನೀಡುವುದೇ ಅಲ್ಲಿ ಮುಖ್ಯ.

ಕುದುರೆಯನ್ನೇ ಬಿಟ್ಟುಬಿಡುವ ಪ್ರಯತ್ನವೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ರೂಪಿಸಿದ ಮಾನವ ಪ್ರತಿಕಾಯದ ವಿವರ 2024ರಲ್ಲಿ ಪ್ರಕಟವಾಯಿತು. ನಾಗರ, ಕಟ್ಟುಹಾವುಗಳ ವಿಷದಲ್ಲಿನ ಒಂದು ಬಗೆಯ ನರವಿಷವನ್ನು ಅದು ಇಲಿಗಳಲ್ಲಿ ತಡೆಯಿತು. ಮಂಡಲಗಳ ವಿಷ ಬೇರೆ ಜಾತಿಯದು. ಅದಕ್ಕೆ ಬೇರೆಯೇ ಪ್ರತಿಕಾಯಗಳು ಬೇಕು.